ಷರಾ ಕಾಲಮ್ಮಿಗೆ ಸರಿದ ಫ್ಲೋರೈಡ್

ತಂತ್ರಾಂಶ ಒದಗಿಸಿದವರೇ, ಅದನ್ನು ಪರಿಶೀಲಿಸದೆ ಒಪ್ಪಿಕೊಂಡ ಅಧಿಕಾರಿಗಳೇ, ಒಂದು ಹಟ್ಟಿಯ ಮಕ್ಕಳು ಕುಡಿಯಬಾರದ ನೀರನ್ನು ‘ಯೋಗ್ಯ’ ಎಂದು ಬರೆದುಕೊಟ್ಟವರು ನೀವು. ತಪ್ಪನ್ನು ತೋರಿಸಿದ ಮೇಲೂ ಅದನ್ನು ಹಾಗೆಯೇ ಉಳಿಸಿಕೊಂಡವರೂ ನೀವೇ. ಆ ವರದಿಗಳ ಕೆಳಗಿರುವ ಸಹಿ ನನ್ನದು. ಆದ್ದರಿಂದ ನನ್ನ ಪಾಲನ್ನೂ ಮುಚ್ಚಿಡದೆ, ಕಂಡದ್ದನ್ನು ಬರೆಯುತ್ತಿದ್ದೇನೆ.

ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಚಿತ್ರದುರ್ಗದ ಒಂದು ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಗುತ್ತಿಗೆಯ ಮೇಲೆ ಸೇರಿದ್ದೆ. ಹೊಸದುರ್ಗ, ಹೊಳಲ್ಕೆರೆ, ಹಿರಿಯೂರಿನ ಕಡೆಯಿಂದ ಬಾಟಲಿಗಳಲ್ಲಿ ನೀರು ಬರುತ್ತಿತ್ತು. ನಾನು ಅಳೆಯುತ್ತಿದ್ದೆ, ಪಕ್ಕದ ಮೇಜಿನ ಟೈಪಿಸ್ಟ್ ಅಂಕಿಗಳನ್ನು ಕಂಪ್ಯೂಟರಿಗೆ ತುಂಬುತ್ತಿದ್ದರು. ಸಂಜೆ ತಂತ್ರಾಂಶ ಅವೆಲ್ಲವನ್ನೂ ಒಂದು ಫೈಲಾಗಿ ಬರೆದು ಮೇಲಿನ ಕಚೇರಿಗೆ ಕಳಿಸುತ್ತಿತ್ತು. ಅಲ್ಲಿಯ ಕಂಪ್ಯೂಟರ್ ಸಿದ್ಧಪಡಿಸಿದ ವರದಿ ನಮ್ಮಲ್ಲಿಗೇ ಮರಳುತ್ತಿತ್ತು, ನನ್ನ ಸಹಿಗಾಗಿ. ದಿನವೂ ಒಂದು ಕಟ್ಟು ಕಾಗದ. ನಾನು ಕೊನೆಯ ಪದವನ್ನಷ್ಟೇ ನೋಡಿ ಸಹಿ ಹಾಕುತ್ತಿದ್ದೆ.

ಹಿರಿಯೂರಿನ ಆಚೆ ಕುರಿ ಸಾಕುವವರ ಒಂದು ಹಟ್ಟಿಯಿದೆ. ಅಲ್ಲಿಯ ಅಂಗನವಾಡಿ ಕಾರ್ಯಕರ್ತೆ ಮೂರನೆಯ ಸಲ ಬಾಟಲಿ ಹಿಡಿದು ಬಂದರು.

“ಮತ್ತೆ ಬಂದ್ರೇನಕ್ಕ? ಹೋದ್ಸಲನೇ ಯೋಗ್ಯ ಅಂತ ಬಂದೈತಲ್ಲ,” ಎಂದರು ಟೈಪಿಸ್ಟ್.

“ಬಂದೈತಣ್ಣ. ಟ್ಯಾಂಕಿನ ಮ್ಯಾಲೆ ಬಣ್ಣದಾಗೂ ಬರ್ಸ್ಯಾರೆ. ಹುಡ್ರ ಹಲ್ಲಿಗೆ ಓದಕ್ ಬರಲ್ವಲ್ಲ, ಅವು ಕಂದಾಗ್ತಾನೇ ಅವೆ.”

ಟೈಪಿಸ್ಟ್ ನಕ್ಕರು. ಆಕೆ ನಗದೆ ನನ್ನತ್ತ ತಿರುಗಿದರು. “ಮೇಡಂ, ಅಳ್ದೋರು ನೀವು. ನಿಮ್ಮ ಮನೆ ಮಗೀಗೆ ಇದ್ನ ಕುಡಿಸ್ತಿದ್ರಾ?”

ಅವರೆದುರೇ ಅಳೆದೆ. ಹಲ್ಲಿಗೆ ಕಲೆ ಹಿಡಿಸುವ ಫ್ಲೋರೈಡ್ ಮಿತಿಯನ್ನು ದಾಟಿತ್ತು. ನೋಟ್‌ಬುಕ್ ತೆಗೆದರೆ ಹಿಂದಿನ ಎರಡು ಸಲವೂ ನಾನು ಬರೆದಿದ್ದದ್ದು ಹೆಚ್ಚೂಕಡಿಮೆ ಅದೇ ಅಂಕಿ. ವರದಿಗಳಲ್ಲಿ ಮಾತ್ರ ಅದು ಇರಲಿಲ್ಲ.

ಕಳಿಸಿದ್ದ ಫೈಲನ್ನು ತೆರೆದೆ. ಒಂದು ಮಾದರಿಗೆ ಒಂದು ಸಾಲು. ಸಾಲಿನಲ್ಲಿ ಊರು, ಕಬ್ಬಿಣ, ಫ್ಲೋರೈಡ್, ಷರಾ ಎಂಬ ಕಾಲಂಗಳು. ಒಂದು ಕಾಲಂ ಮುಗಿಯಿತೆಂದು ತಿಳಿಸಲು ನಡುವೆ ಟ್ಯಾಬ್ ಎಂಬ ಕಣ್ಣಿಗೆ ಕಾಣದ ಗುರುತು. ಈ ಹಟ್ಟಿಯ ಸಾಲಿನಲ್ಲಿ ಊರಿನ ಹೆಸರಿಗೂ ಹಟ್ಟಿಯ ಹೆಸರಿಗೂ ಮಧ್ಯೆ ಇನ್ನೊಂದು ಟ್ಯಾಬ್ ಇತ್ತು. ಹೀಗಾಗಿ ಹಟ್ಟಿಯ ಹೆಸರು ಕಬ್ಬಿಣದ ಜಾಗಕ್ಕೂ ಕಬ್ಬಿಣದ ಸಣ್ಣ ಅಂಕಿ ಫ್ಲೋರೈಡಿನ ಜಾಗಕ್ಕೂ ಸರಿದಿದ್ದವು. ನಿಜವಾದ ಫ್ಲೋರೈಡ್ ಷರಾ ಕಾಲಮ್ಮಿನಲ್ಲಿತ್ತು. ಷರಾವನ್ನು ಯಾರೂ ಓದುವುದಿಲ್ಲ. ಮೇಲಿನ ಕಚೇರಿಯ ಕಂಪ್ಯೂಟರೂ ಓದದೆ, ಫ್ಲೋರೈಡಿನ ಜಾಗದಲ್ಲಿದ್ದ ಸಣ್ಣ ಅಂಕಿಯನ್ನೇ ನಂಬಿ ‘ಯೋಗ್ಯ’ ಎಂದು ಬರೆಯುತ್ತಿತ್ತು.

“ಊರಿನ ಹೆಸ್ರಿಗೆ ಹಟ್ಟಿ ಹೆಸ್ರು ಅಂಟ್ಕಂಡ್ರೆ ಚಂದ ಕಾಣಲ್ಲ ಅಂತ ಟ್ಯಾಬ್ ಒತ್ತಿದ್ದೆ ಮೇಡಂ,” ಎಂದರು ಟೈಪಿಸ್ಟ್. ಅವರ ಮುಖ ಬಿಳುಚಿತ್ತು. “ಹೊಳಲ್ಕೆರೆ ಟೈಪಿಂಗ್ ಕ್ಲಾಸ್ನಾಗೆ ಹಂಗೇ ಕಲ್ಸಿದ್ದು.”

ಅವರನ್ನು ದೂರಲು ನನಗೆ ಬಾಯಿ ಬರಲಿಲ್ಲ. ಟೈಪ್ ಮಾಡುವವರು ಟ್ಯಾಬ್ ಒತ್ತುತ್ತಾರೆಂಬುದು ತಂತ್ರಾಂಶ ಬರೆದವರಿಗೆ ಗೊತ್ತಿತ್ತು. ಹೆಸರಿನೊಳಗಿನ ಟ್ಯಾಬ್ ಕಾಲಮ್ಮನ್ನು ಮುಗಿಸದಂತೆ ಇಡೀ ಹೆಸರನ್ನು ಕೋಟ್ ಮಾರ್ಕಿನೊಳಗೆ ಕಟ್ಟಿ ಬರೆಯುವ ಆಯ್ಕೆಯೊಂದು ಅದರ ಸೆಟ್ಟಿಂಗ್ಸ್‌ನಲ್ಲೇ ಇತ್ತು. ಅದನ್ನು ಆಫ್ ಮಾಡಲಾಗಿತ್ತು, ಆನ್ ಮಾಡಲು ಪಾಸ್‌ವರ್ಡ್ ಬೇಕಿತ್ತು. ಒದಗಿಸಿದ ಸಂಸ್ಥೆಗೆ ಫೋನ್ ಮಾಡಿದೆ.

“ಆನ್ ಮಾಡಿದ್ರೆ ಮೇಲಿನ ಆಫೀಸಲ್ಲಿ ಹೆಸರಿನ ಸುತ್ತ ಕೋಟ್ ಮಾರ್ಕ್ ಕಾಣುತ್ತೆ ಮೇಡಂ. ಚೆನ್ನಾಗಿ ಕಾಣಲ್ಲ, ತೆಗೀರಿ ಅಂದಿದ್ರು ಅವರು. ಪಾಸ್‌ವರ್ಡ್ ನಿಮಗೆ ಕೊಡಂಗಿಲ್ಲ.”

ಟೈಪಿಸ್ಟ್ ಚಂದಕ್ಕೆಂದು ಒತ್ತಿದರು. ಅಧಿಕಾರಿಗಳು ಚಂದಕ್ಕೆಂದೇ ತೆಗೆಸಿದರು. ಎರಡನ್ನೂ ನಾನು ಸಮವೆಂದು ತೂಗಲಾರೆ. ಕೇಳಿದ ತಕ್ಷಣ ಒಬ್ಬರ ಮುಖ ಬಿಳುಚಿತು, ಇನ್ನೊಬ್ಬರು, ಇದನ್ನೆಲ್ಲ ವಿವರಿಸಿ ನಾನು ಮೇಲಿನ ಕಚೇರಿಗೆ ಬರೆದ ಪತ್ರಕ್ಕೆ ಉತ್ತರವನ್ನೂ ಬರೆಯಲಿಲ್ಲ. ಹಳೆಯ ಫೈಲುಗಳನ್ನು ಹುಡುಕಿದಾಗ ಇನ್ನೊಂದು ಸಂಗತಿ ಕಂಡಿತು. ಊರೊಳಗಿನವರ ಒಂದು ಸಾಲೂ ಕೆಟ್ಟಿರಲಿಲ್ಲ. ಊರಿನಿಂದ ಹೊರಗಿದ್ದು, ವಿಳಾಸಕ್ಕೆ ಎರಡು ಹೆಸರು ಬೇಕಾದವರ ಸಾಲುಗಳೇ ಕೆಟ್ಟಿದ್ದವು.

ಪತ್ರದ ಫಲವಾಗಿ ಒಬ್ಬ ತಂತ್ರಜ್ಞ ಬಂದ. ಸಣ್ಣ ಸ್ಕ್ರೂಡ್ರೈವರಿನಿಂದ ಕೀಬೋರ್ಡಿನ ಟ್ಯಾಬ್ ಕೀಲಿಯನ್ನು ಮೀಟಿ ತೆಗೆದು, ಜೇಬಿಗೆ ಹಾಕಿಕೊಂಡು ಹೋದ.

“ಹುಳುಕಿಲ್ಲದ ಹಲ್ಲು ಕಿತ್ಕಂಡು ಹೋದ್ನಲ್ರೀ,” ಎಂದರು ಟೈಪಿಸ್ಟ್.

ಹಟ್ಟಿಗಳ ಹೆಸರುಗಳು ತಂತ್ರಾಂಶದ ಪಟ್ಟಿಯಲ್ಲಿ ಹಳೆಯ ಟ್ಯಾಬಿನೊಡನೆಯೇ ಉಳಿದಿವೆ. ಒಮ್ಮೆ ತುಂಬಿದ ಹೆಸರನ್ನು ಮತ್ತೆ ಟೈಪ್ ಮಾಡಲು ಬರುವುದಿಲ್ಲ, ಪಟ್ಟಿಯಿಂದಲೇ ಆರಿಸಬೇಕು; ತಿದ್ದಬೇಕೆಂದರೆ ಅದೇ ಪಾಸ್‌ವರ್ಡ್ ಬೇಕು. ಮೂರನೆಯ ಬಾಟಲಿಯ ವರದಿಯೂ ‘ಕುಡಿಯಲು ಯೋಗ್ಯ’ ಎಂದೇ ಬಂತು. ಅದಕ್ಕೆ ನಾನು ಸಹಿ ಹಾಕಿಲ್ಲ. ಸರಿಯಾದ ಅಂಕಿಯನ್ನು ಕೈಯಲ್ಲಿ ಬರೆದು, ವರದಿ ಒಯ್ಯಲು ಬಂದ ಕಾರ್ಯಕರ್ತೆಗೆ ಕೊಟ್ಟೆ. ಅವರು ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

“ಸೀಲಿಲ್ವಲ್ಲ ಮೇಡಂ. ಸೀಲಿಲ್ದಿದ್ರೆ ಪಂಚಾಯ್ತಿಯೋರು ಬ್ಯಾರೆ ನೀರು ಕಳ್ಸಲ್ಲ.”

ಹಾಳೆಯನ್ನು ಮಡಿಚಿ ಬ್ಯಾಗಿಗೆ ಹಾಕಿಕೊಂಡು ಹಿರಿಯೂರಿನ ಬಸ್ಸಿಗೆ ಹೊರಟರು. ಮರುದಿನ ಅಂಗನವಾಡಿಯ ಅಡುಗೆ ಆ ನೀರಿನಲ್ಲೇ ಆಗಿರಬೇಕು.

ಆದಕಾರಣ, ಆ ಆಯ್ಕೆಯನ್ನು ಆನ್ ಮಾಡಿ, ಪಟ್ಟಿಯನ್ನು ತಿದ್ದಿ, ಹಟ್ಟಿಗಳ ಎಲ್ಲ ಹಳೆಯ ಸಾಲುಗಳಿಂದ ಹೊಸ ವರದಿಗಳನ್ನು ಹೊರಡಿಸಬೇಕೆಂದು, ಹಟ್ಟಿಯ ಟ್ಯಾಂಕಿನ ಮೇಲಿನ ಬರಹವನ್ನು ಅಳಿಸಿ ಅಲ್ಲಿಗೆ ತಡವಿಲ್ಲದೆ ಬೇರೆ ನೀರು ಒದಗಿಸಬೇಕೆಂದು ಕೋರುತ್ತೇನೆ. ಆಯ್ಕೆಯನ್ನು ಯಾರ ಆದೇಶದ ಮೇರೆಗೆ ಆಫ್ ಮಾಡಲಾಯಿತು ಎಂಬುದಕ್ಕೆ ಹದಿನೈದು ದಿನಗಳೊಳಗೆ ಲಿಖಿತ ಉತ್ತರ ಬೇಕು. ಉತ್ತರದ ಒಂದು ಪ್ರತಿಯನ್ನು ಆ ಅಂಗನವಾಡಿಗೂ ಕಳುಹಿಸಿರಿ. ಸೀಲು ಹಾಕಿ ಕಳುಹಿಸಿರಿ.