ಸಾಲಿನ ಬಾಲದಿಂದ ಶುರುಮಾಡುವ ಕರಿಯಮ್ಮ

ಬೆಳಿಗ್ಗೆ ಆರೂವರೆ. ತಾಳವಾಡಿ ಬೆಟ್ಟದ ಆ ಸಣ್ಣ ಆಸ್ಪತ್ರೆಯ ಬಾಗಿಲು ತೆರೆಯಲು ಇನ್ನೂ ಅರ್ಧ ಗಂಟೆ ಇದೆ. ಸಾಲು ಮಾತ್ರ ಆಗಲೇ ಗೇಟು ದಾಟಿ ಬೇವಿನ ಮರದವರೆಗೆ ಬೆಳೆದಿದೆ. ಅಂಗಳ ಗುಡಿಸಿ, ಪೊರಕೆಯನ್ನು ಮೂಲೆಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡ ಕರಿಯಮ್ಮ ಹೊರಡುವುದು ಸಾಲಿನ ತಲೆಗಲ್ಲ, ಬಾಲಕ್ಕೆ. ಎಲ್ಲರಿಗಿಂತ ಹಿಂದೆ, ಮರದ ಬುಡದಲ್ಲಿ, ತಿಗನಾರೆಯ ಕೂಲಿ ಹೆಂಗಸು ಪರಿಮಳ ಮೊಣಕಾಲಿಗೆ ಗಲ್ಲ ಊರಿ ಕೂತಿದ್ದಾಳೆ.

“ಏನಾಗದೆ ಮಗ?”

“ಏನಿಲ್ಲ ಕರಿಯಕ್ಕ. ವಸಿ... ಸುಸ್ತು.”

ಕರಿಯಮ್ಮ ಏನೆಂದು ಮತ್ತೆ ಕೇಳುವುದಿಲ್ಲ, ಯಾವಾಗಿನಿಂದ ಎಂದಷ್ಟೇ ಕೇಳುತ್ತಾರೆ. ಪಕ್ಕದಲ್ಲಿ ಕೂತು, ಸೊಂಟದ ಎಲೆಯಡಿಕೆ ಚೀಲದಿಂದ ಪಟ್ಟಿ ಕಿತ್ತುಹೋದ ಗಡಿಯಾರ ತೆಗೆದು, ಸೆಕೆಂಡಿನ ಮುಳ್ಳು ಒಂದು ಸುತ್ತು ಬರುವವರೆಗೆ ಆಕೆಯ ಎದೆಯ ಏರಿಳಿತ ಎಣಿಸುತ್ತಾರೆ. ಮೂವತ್ತೆಂಟು. ಚೆನ್ನಾಗಿರುವ ಆಳಿನದು ಇಪ್ಪತ್ತು ದಾಟುವುದಿಲ್ಲ ಎಂದು ಅವರಿಗೆ ಗೊತ್ತು. ಎದ್ದು ಸೀದಾ ನರ್ಸ್ ಸೌಮ್ಯ ಅವರ ಬಳಿ ಹೋಗುತ್ತಾರೆ. “ಪರಿಮಳ, ತಿಗನಾರೆ. ನಿಮಿಷಕ್ಕೆ ಮೂವತ್ತೆಂಟು ಉಸ್ರು. ಮಾತು ಅರ್ಧಕ್ಕೇ ನಿಲ್ತದೆ. ನೆನ್ನೆ ಮಧ್ಯಾನದಿಂದ ಇಂಗೇ ಅಂತೆ.” ಅಷ್ಟೇ. ‘ಅರ್ಜೆಂಟು’ ಎಂಬ ಮಾತೇ ಇಲ್ಲ. ಸೌಮ್ಯ ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟು ಗಾಲಿಕುರ್ಚಿ ತಳ್ಳಿಕೊಂಡು ಓಡುತ್ತಾರೆ.

ಸಾಲಿನ ತಲೆಯಲ್ಲಿ ನಿಂತಿದ್ದ ಜಮೀನುದಾರ ರುದ್ರಸ್ವಾಮಿಗೆ ಇದು ಸರಿಬರುವುದಿಲ್ಲ. ಚೇಳು ಕಡಿದ ಕೈ ಮೇಲೆತ್ತಿ, “ಆರು ಗಂಟೆಗೇ ಬಂದು ನಿಂತಿವ್ನಿ. ಸಾಲಿಗೆ ಒಂದು ಬೆಲೆ ಇಲ್ವೇನಮ್ಮಿ?” ಎಂದು ಗುಡುಗುತ್ತಾರೆ.

“ನಿಮ್ಗೆ ಕೂಗಾಕಾದ್ರೂ ಉಸ್ರದೆ ಬುದ್ದಿ. ಅವಳ್ಗೆ ಅದೂ ಇಲ್ಲ” ಎನ್ನುತ್ತಾರೆ ಕರಿಯಮ್ಮ, ದನಿ ಏರಿಸದೆ. ರುದ್ರಸ್ವಾಮಿ ಗಾಲಿಕುರ್ಚಿಯತ್ತ ಒಮ್ಮೆ ನೋಡಿ ದಾರಿ ಬಿಡುತ್ತಾರೆ.

ಕರಿಯಮ್ಮನಿಗೆ ಐವತ್ತೊಂಬತ್ತು. ಹತ್ತೊಂಬತ್ತು ವರ್ಷದಿಂದ ಇಲ್ಲಿ ಗುತ್ತಿಗೆ ಕೆಲಸ. ಗುಡಿಸುವುದು, ಒರೆಸುವುದು, ಚೀಟಿ ಕೊಡುವುದು ಕಾಗದದಲ್ಲಿರುವ ಕೆಲಸ, ಉಸಿರೆಣಿಸುವುದು ಅದರಲ್ಲಿಲ್ಲ. ದಿನಕ್ಕೆ ನೂರಿಪ್ಪತ್ತು ರೋಗಿಗಳು, ಸಂತೆಯ ದಿನ ಇನ್ನೂರು. ಇರುವುದು ಒಬ್ಬ ಡಾಕ್ಟರು, ಇಬ್ಬರು ನರ್ಸುಗಳು, ಒಂದೇ ಆಂಬುಲೆನ್ಸು. ಅದು ದಿಂಬಂ ತಿರುವುಗಳನ್ನಿಳಿದು ಸತ್ಯಮಂಗಲ ಮುಟ್ಟಲು ಎರಡು ಗಂಟೆ ಬೇಕು, ಅದೂ ಆನೆ ಅಡ್ಡ ನಿಲ್ಲದಿದ್ದರೆ. ಯಾರನ್ನು ಮೊದಲು ನೋಡಬೇಕೆಂಬುದು ಇಲ್ಲಿ ಬಾಯಿಮಾತಿನ ಪ್ರಶ್ನೆಯಲ್ಲ.

ಅಳುವ ಕೂಸಿಗೇ ಮೊದಲು ಹಾಲು ಎಂಬುದು ಲೋಕದ ರೂಢಿ. ಈ ಬೆಟ್ಟದಲ್ಲಿ ಅದರ ಜೊತೆಗೆ ಇನ್ನೊಂದಿದೆ. ಕೂಲಿಯವರು ಎಷ್ಟು ಬೇಗ ಬಂದರೂ ಹೊಲದ ಒಡೆಯರು ಕಂಡೊಡನೆ ‘ನೀವ್ ಓಗಿ ಬುದ್ದಿ’ ಎಂದು ಹಿಂದೆ ಸರಿಯುತ್ತಾರೆ. ಹಾಗೆ ಸರಿಯಿರಿ ಎಂದು ಯಾರೂ ಹೇಳುವುದಿಲ್ಲ, ಕಾಲೇ ಸರಿಯುತ್ತದೆ. ಮೈಯಲ್ಲಿ ಶಕ್ತಿ ಇಲ್ಲದವರಂತೂ ಸರಿದೂ ಸರಿದೂ ಮರದ ಬುಡಕ್ಕೆ ಹೋಗಿ ಕೂರುತ್ತಾರೆ.

ಐದು ವರ್ಷದ ಹಿಂದೆ ದೊಡ್ಡಮಾದ ಎಂಬ ಕೂಲಿಯವರೊಬ್ಬರು ಹಾಗೇ ಕೂತಿದ್ದರು. ಮೂವರಿಗೆ ದಾರಿ ಬಿಟ್ಟಿದ್ದರು. ಕೇಳಿದಾಗ ‘ಏನಿಲ್ಲ’ ಎಂದರು; ಕರಿಯಮ್ಮ ನಂಬಿದರು. ಆಗೆಲ್ಲ ಯಾರು ಕೂಗಿದರೂ ಅವರು ಒಳಗೋಡಿ, ತಮಿಳು ಡಾಕ್ಟರಿಗೆ “ಅವಸರಂ ಸಾರ್!” ಎನ್ನುತ್ತಿದ್ದರು. ಅಂದು ಹತ್ತು ಗಂಟೆಯೊಳಗೆ ಹನ್ನೊಂದು ಸಲ ಹಾಗೆಂದಾಗಿತ್ತು. ದೊಡ್ಡಮಾದ ಕುಸಿದಾಗ ಹೇಳಿದ ಹನ್ನೆರಡನೆಯದೂ ಮೊದಲ ಹನ್ನೊಂದರಂತೆಯೇ ಕೇಳಿಸಿತು. ಡಾಕ್ಟರು ತಲೆ ಎತ್ತದೆ ‘ವರೇಮ್ಮಾ’, ಬರ್ತೀನಮ್ಮ, ಎಂದರು. ಅವರು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

“ಡಾಕ್ಟ್ರು ತಪ್ಪಲ್ಲ ಕಣವ್ವ. ಎಲ್ಲಾರ್ಗೂ ಒಂದೇ ಮಾತ ಯೋಳಿ ಯೋಳಿ ಆ ಮಾತ್ನ ಸವುಸ್ಬುಟ್ಟಿದ್ದೆ ನಾನು” ಎನ್ನುವಾಗ ಅವರ ಕಣ್ಣು ಆ ಬೇವಿನ ಬುಡದಲ್ಲೇ ಇದೆ. ಆ ಸಾವಿನ ದುಃಖ ಅವರನ್ನು ಇನ್ನೂ ಬಿಟ್ಟಿಲ್ಲ.

ಆಮೇಲೆ ಒಂದು ವಾರ ಅವರು ಸೌಮ್ಯರ ಬೆನ್ನು ಬಿದ್ದು ಉಸಿರೆಣಿಸುವುದು ಕಲಿತರು. ಯಾರು, ಉಸಿರೆಷ್ಟು, ಮಾತು ಹೇಗಿದೆ, ಎಷ್ಟು ಹೊತ್ತಿನಿಂದ: ಇಷ್ಟನ್ನೇ ಹೇಳುವುದೆಂದು ಇಬ್ಬರೂ ಗೊತ್ತುಮಾಡಿಕೊಂಡರು. ಮೊದಮೊದಲು ಡಾಕ್ಟರು ನಕ್ಕರಂತೆ. ಈಗ ಕರಿಯಮ್ಮ ಒಳಗೆ ಬಂದರೆ ಪೆನ್ನು ಕೆಳಗಿಡುತ್ತಾರೆ. “ನಾನ್ ಬರೀ ಯೋಳೋಳು. ತೀರ್ಮಾನ ಅವ್ರುದು” ಎಂದು ಕರಿಯಮ್ಮ ಮಾತು ಮುಗಿಸುತ್ತಾರೆ.

ಹತ್ತು ಗಂಟೆಗೆ ಕೆಳಗಿನ ಸತ್ಯಮಂಗಲದ ಆಸ್ಪತ್ರೆಯಿಂದ ಫೋನು ಬರುತ್ತದೆ. ಪರಿಮಳಳನ್ನು ಕರೆದೊಯ್ದ ಆಂಬುಲೆನ್ಸು ಮುಟ್ಟಿದೆ, ಅವಳಿಗೆ ಆಕ್ಸಿಜನ್ ಹಾಕಿದ್ದಾರೆ, ಉಸಿರು ಇಪ್ಪತ್ತಾರಕ್ಕೆ ಇಳಿದಿದೆ. ಸೌಮ್ಯ ಹೇಳಿದ್ದನ್ನು ಕೇಳಿ ಕರಿಯಮ್ಮ, “ಇನ್ನೂ ಆರು ಇಳೀಬೇಕು” ಎಂದು ಬಕೆಟ್ಟು ಎತ್ತಿಕೊಳ್ಳುತ್ತಾರೆ.

ಮುಂದಿನ ತಿಂಗಳು ಅವರ ಗುತ್ತಿಗೆ ಮುಗಿಯುತ್ತದೆ. ಅವರ ಜಾಗಕ್ಕೆ ಬರುವವರು ಯಾರೆಂದು ಗೊತ್ತಿಲ್ಲ. ಬಂದವರು ಸಾಲಿನ ಬಾಲಕ್ಕೆ ಹೋಗುತ್ತಾರೋ ಇಲ್ಲವೋ ಎಂಬುದೊಂದೇ ಅವರ ಚಿಂತೆ. ಅದಕ್ಕೇ ಆ ಗಡಿಯಾರಕ್ಕೆ ಹೊಸ ಸೆಲ್ಲು ಹಾಕಿಸಿ ಸೌಮ್ಯರ ಮೇಜಿನ ಮೇಲಿಟ್ಟು ಹೋಗುತ್ತಾರಂತೆ. ಮತ್ತೇನಾದರೂ ಆಸೆ ಇದೆಯೇ ಎಂದರೆ, ನೆಲ ಒರೆಸುತ್ತಲೇ ಸೌಮ್ಯರತ್ತ ತಿರುಗುತ್ತಾರೆ.

“ನಾಳೆ ನಾನೂ ಒಂದಿನ ಕಾಯ್ಲೆ ಬಿದ್ದು ಇಲ್ಗೇ ಬತ್ತೀನಿ. ಆ ಬೇವಿನ ಬುಡ್ದಲ್ಲೇ ಕುಂತಿರ್ತೀನಿ, ಅಭ್ಯಾಸ ಎಲ್ಲೋದದು? ಕೇಳುದ್ರೆ ಏನಿಲ್ಲ ಅಂತೀನಿ. ನಂಬಬ್ಯಾಡ ಕಣವ್ವ. ಎಣ್ಸು.”