ಹೋರಿ ಮುಟ್ಟದ ಮೊಣಕಾಲು

ಹೊಸಬಾಳೆಯ ರಾಜಪ್ಪ ಹೋರಿ ಹಬ್ಬದಲ್ಲಿ ಓಡುವ ಹೋರಿಯ ಇಣಿಗೆ, ಅಂದರೆ ಬೆನ್ನ ಮೇಲಿನ ಡುಬ್ಬಕ್ಕೆ, ಜೋತುಬಿದ್ದು ಅದರ ಕೊರಳ ಕೊಬ್ಬರಿ ಸರ ಹರಿದು ತಂದವನು. ಅವನ ಹೆಂಡತಿ ತಿಮ್ಮಮ್ಮ, ಅಂಗಳಕ್ಕೆ ನುಗ್ಗಿದ ಹೋರಿಯನ್ನು ಒಂದು ಮೊರ ಅಕ್ಕಿ ತೋರಿಸಿ ನಿಲ್ಲಿಸಿದವಳು. ಮಗ ಚಂದ್ರಶೇಖರಪ್ಪ ಪಕ್ಕೆಲುಬು ಮುರಿದುಕೊಂಡೂ ಮರುವರ್ಷ ಅಖಾಡಕ್ಕೆ ಇಳಿದವನು. ಇಂಥ ಮನೆಯಲ್ಲಿ ಹುಟ್ಟಿದ ಮೊಮ್ಮಗ ಗುರುಪ್ರಕಾಶನ ಮೊಣಕಾಲು ಬಾತರೆ ಊರು ಬೇರೇನು ಹೇಳೀತು? ತೊಗರ್ಸಿ ಊರಿನ ಸಂಗಮೇಶನ ಹೋರಿ ಒದ್ದಿದೆ ಎಂದಿತು.

ಗುರುಪ್ರಕಾಶನೂ ನಂಬಿದ. ದೀಪಾವಳಿಯ ಹೋರಿ ಹಬ್ಬದಲ್ಲಿ ಆ ಹೋರಿಯ ಎದುರೇ ಬಿದ್ದಿದ್ದನಲ್ಲ! ಹರೆಯದವನಿಗೆ ಅದೂ ಒಂದು ಹೆಮ್ಮೆ. ಎಣ್ಣೆ ತಿಕ್ಕಿಸಿದ, ಪಟ್ಟು ಹಾಕಿಸಿದ. ಬಾವು ಇಳಿಯಲಿಲ್ಲ, ಮಲಗಿದರೂ ನೋವು ಬಿಡಲಿಲ್ಲ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಯಿತು. ಹೋರಿಗೆ ಬಂದ ಅಪವಾದ ತಡೆಯಲಾರದೆ ಸಂಗಮೇಶ ಮೊಬೈಲಿನಲ್ಲಿ ಹಬ್ಬದ ವಿಡಿಯೋ ಹಿಡಿದುಕೊಂಡು ಹೊಸಬಾಳೆಗೇ ಬಂದ.

"ಕಣ್ಬಿಟ್ಟು ನೋಡೋ ತಮ್ಮಾ. ನನ್ನ ಹೋರಿ ನಿನ್ನ ಹಾರಿ ಹೋಗೇತಿ. ಗೊರಸೂ ತಾಗಿಲ್ಲ. ನೀ ಬಿದ್ದಿದ್ದು ಬಲಮಗ್ಗುಲಿಗೆ, ಬಾತಿರೋದು ಎಡಗಾಲು!"

"ಹಂಗಾದ್ರೆ ಇದೇನು ಅಣ್ಣಾ?"

"ಅದನ್ನ ಕೇಳಾಕೇ ಡಾಕ್ಟರ್ ಹತ್ರ ನಡಿ. ನನ್ನ ಹೋರಿ ಮರ್ಯಾದಿ ಪ್ರಶ್ನೆ."

ಮೂಳೆಯ ಕ್ಯಾನ್ಸರ್ ಎಂದು ತಿಳಿಯಿತು. ಪುಣ್ಯಕ್ಕೆ ಬೇರೆಡೆ ಹರಡಿರಲಿಲ್ಲ. ದೊಡ್ಡಾಸ್ಪತ್ರೆಯಲ್ಲಿ ಔಷಧಿ ಏರಿಸಿದರು, ಕೆಟ್ಟ ಮೂಳೆ ತೆಗೆದು ಲೋಹದ ಸಲಾಕೆ ಕೂರಿಸಿದರು. ಕಾಲು ಉಳಿಯಿತು. ರೋಗ ಮರಳಿ ಬಂದೀತೆಂಬ ಭಯವೂ ಉಳಿಯಿತು.

ಅದಕ್ಕೇ ಅಲ್ಲಿನ ಡಾಕ್ಟರ್ ಶ್ರೀಲತಾ ಆಗಾಗ ಸ್ಕ್ಯಾನ್ ಮಾಡಿಸುತ್ತಾರೆ. ತಮ್ಮ ಸಂಶೋಧನೆಗಾಗಿ ರಕ್ತವನ್ನೂ ತೆಗೆಯುತ್ತಾರೆ.

"ಗಡ್ಡೆ ಎಲ್ಲಾದ್ರೂ ಅಡಗಿದ್ರೆ ಅದರ ವಂಶವಾಹಿಯ ಚೂರು ರಕ್ತದಲ್ಲಿ ತೇಲ್ತಿರಬಹುದು. ಅದನ್ನ ಹುಡುಕ್ತೀವಿ. ಆದ್ರೆ ಇದಿನ್ನೂ ಹೊಸ ಪರೀಕ್ಷೆ, ಇದೊಂದನ್ನೇ ನಂಬಲ್ಲ."

"ದನ ಕಾಣ್ದಿದ್ರೂ ದಾರೀಲಿ ಸಗಣಿ ನೋಡಿ ಈ ಕಡಿ ಹೋಗೇತಿ ಅಂತೀವಲ್ರೀ, ಹಂಗೆ," ಎಂದ ಸಂಗಮೇಶ. ಡಾಕ್ಟರಮ್ಮ ನಕ್ಕು, ಹಾಗೇ ಅಂದುಕೊಳ್ಳಿ ಎಂದರು.

ಈ ಸಲ ಸ್ಕ್ಯಾನ್ ಮಾಡಿಸಿ, ರಕ್ತ ಕೊಟ್ಟು ಬಂದ ಮೇಲೆ ಗುರುಪ್ರಕಾಶನಿಗೆ ಕೆಮ್ಮು ಹತ್ತಿತು. ಈ ರೋಗ ಮರಳಿದರೆ ಹೆಚ್ಚಾಗಿ ಎದೆಗೇ ಇಳಿಯುತ್ತದೆಂದು ಅವನು ಕೇಳಿದ್ದ. ಮನೆಯವರಿಗೆ ಕೇಳಿಸಬಾರದೆಂದು ಕೆಮ್ಮು ಬಂದಾಗಲೆಲ್ಲ ಹಿತ್ತಲಿಗೆ ಹೋಗುತ್ತಿದ್ದ. ಫಲಿತಾಂಶದ ದಿನ ಸಂಗಮೇಶನೊಡನೆ ಡಾಕ್ಟರ ಮುಂದೆ ಕೂತು ಕೆಮ್ಮಿನ ವಿಷಯ ಹೇಳಿದ.

"ರಕ್ತದಲ್ಲಿ ಆ ಚೂರು ಕಾಣಲಿಲ್ಲ. ಎದೆ ಸ್ಕ್ಯಾನೂ ಚೆನ್ನಾಗಿದೆ. ಇದು ಬರೀ ನೆಗಡಿ ಕೆಮ್ಮು ಕಣಪ್ಪ."

ಗುರುಪ್ರಕಾಶ ಡಾಕ್ಟರಿಗೆ ಎರಡೂ ಕೈ ಮುಗಿದ. ಹೊರಗೆ ಬಂದವನೇ ಸಂಗಮೇಶನ ಕಾಲು ಮುಟ್ಟಲು ಹೋದ, ಮೊಣಕಾಲು ಮಡಚಲಿಲ್ಲ.

"ಬಗ್ಗಬ್ಯಾಡೋ ಮಾರಾಯ, ಸಲಾಕಿ ಸೊಟ್ಟ ಆದೀತು!" ಎಂದು ಸಂಗಮೇಶ ಅವನನ್ನು ತಬ್ಬಿಕೊಂಡ. ಇಬ್ಬರ ಕಣ್ಣೂ ತುಂಬಿದ್ದವು. ಮೆಟ್ಟಿಲ ಬಳಿ ಸಂಗಮೇಶ ಎಂದಿನಂತೆ ತೋಳು ಒಡ್ಡಿದ.

"ಬಿಡಣ್ಣಾ. ನೀನು ಹಿಡ್ಕಂಡು ಬಂದಿದ್ದಕ್ಕೇ ನಾನು ಇವತ್ತು ನಿಂತಿರೋದು. ಇನ್ನು ನಾನೇ ಇಳೀತೀನಿ, ತಡ ಆದ್ರೆ ಆಗ್ಲಿ. ನೀನು ಕೆಳಗೆ ಹೋಗಿ ಎರಡು ಚಾ ಹೇಳು."