ಸೊಪ್ಪು ಬಿಡಿಸುವ ಹೊತ್ತು

ಲಗ್ಗೆರೆಯಲ್ಲಿ ಕರೆಂಟು ಹೋದಾಗ ಮೊದಲು ಫ್ಯಾನು ನಿಲ್ಲುತ್ತದೆ, ಆಮೇಲೆ ಕೆಳಗಿನ ಬೀದಿಯ ವೆಲ್ಡಿಂಗ್ ಅಂಗಡಿ, ಆಮೇಲೆ ಎದುರು ಮನೆಯ ಟಿವಿ. ಎಲ್ಲವೂ ನಿಂತ ಮೇಲೆ ನನ್ನ ಕೋಣೆಯಲ್ಲಿ ಉಳಿಯುವುದು ನನ್ನ ಎದೆಯೊಳಗಿನ ಸದ್ದೊಂದೇ. ಬಾಲ್ಯದಲ್ಲಿ ಬಂದ ಕೀಲುಜ್ವರ ನನ್ನ ಹೃದಯದ ಒಂದು ಕವಾಟವನ್ನು ಕೆಡಿಸಿತ್ತು. ಬಹಳ ವರ್ಷಗಳ ನಂತರ ವೈದ್ಯರು ಅದನ್ನು ತೆಗೆದು ಕೃತಕ ಕವಾಟವೊಂದನ್ನು ಕೂರಿಸಿದರು. ಅದು ಹಳೆಯ ಕೈಗಡಿಯಾರದಂತೆ ಟಿಕ್ ಟಿಕ್ ಎನ್ನುತ್ತಿರುತ್ತದೆ. ಮನೆಯಲ್ಲಿ ಇನ್ನೊಬ್ಬರಿದ್ದಿದ್ದರೆ ಅದೇನು ಸದ್ದು ಎಂದು ಕೇಳುತ್ತಿದ್ದರೇನೋ. ಕೇಳುವವರಿಲ್ಲದ ಕಾರಣ ನಾನೊಬ್ಬಳೇ ಅದನ್ನು ಆಲಿಸುತ್ತೇನೆ.

ಕೃತಕ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಬಾರದು. ಅದಕ್ಕಾಗಿ, ಬದುಕಿರುವಷ್ಟು ಕಾಲವೂ, ರಕ್ತವನ್ನು ತೆಳುವಾಗಿಡುವ ಮಾತ್ರೆಯೊಂದನ್ನು ದಿನಾ ನುಂಗಬೇಕು. ಅದರ ಪ್ರಭಾವ ಕಡಿಮೆಯಾದರೆ ಹೆಪ್ಪು ಮಿದುಳಿಗೆ ಹೋಗಬಹುದು, ಹೆಚ್ಚಾದರೆ ಕುಳಿತಲ್ಲೇ ರಕ್ತ ಸುರಿಯಬಹುದು. ಇವೆರಡರ ನಡುವಿನ ಕಿರಿದಾದ ದಾರಿಯಲ್ಲಿ ನಾನಿದ್ದೇನೆಯೇ ಎಂಬುದನ್ನು ಪ್ರತಿ ತಿಂಗಳ ರಕ್ತಪರೀಕ್ಷೆ ಹೇಳುತ್ತದೆ. ಆ ಮಾತ್ರೆಯಷ್ಟು ಜಗಳಗಂಟಿಯಾದ ವಸ್ತುವನ್ನು ನಾನು ಬೇರೆಲ್ಲೂ ಕಂಡಿಲ್ಲ. ನೋವಿನ ಮಾತ್ರೆಗಳೊಂದಿಗೆ ಅದಕ್ಕೆ ಆಗಿಬರುವುದಿಲ್ಲ. ಜ್ವರಕ್ಕೆ ಕೊಡುವ ಎಷ್ಟೋ ಆಂಟಿಬಯೋಟಿಕ್‌ಗಳು, ನೆಗಡಿಗೆಂದು ಅವರಿವರು ಹೇಳಿಕೊಡುವ ಕಷಾಯಗಳು, ಕೊನೆಗೆ ಹಸಿರು ಸೊಪ್ಪು ಕೂಡ ಅದರ ಲೆಕ್ಕವನ್ನು ತಪ್ಪಿಸಬಲ್ಲವು.

ಒಮ್ಮೆ ಭುಜ ನೋವೆಂದು ಬೀದಿಯ ತುದಿಯ ಮೆಡಿಕಲ್ ಸ್ಟೋರಿಗೆ ಹೋಗಿದ್ದೆ. ಅಂಗಡಿಯವರು ಬೇರೇನೂ ವಿಚಾರಿಸದೆ ಎರಡು ಮಾತ್ರೆ ಕತ್ತರಿಸಿ ಮುಂದಿಟ್ಟರು.

“ಇಡೀ ಪೀಣ್ಯ ಇದನ್ನೇ ನುಂಗೋದು ಮೇಡಂ. ಬೆಳಿಗ್ಗೆ ಅಷ್ಟೊತ್ತಿಗೆ ಕ್ಲಿಯರ್.”

ನನ್ನ ರಕ್ತದ ಮಾತ್ರೆಯ ಜೊತೆಗೆ ಇದು ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವವಾಗುವ ಸಾಧ್ಯತೆ ಇದೆಯೆಂದು ನಾನು ಕಾರಣ ಸಮೇತ ವಿವರಿಸತೊಡಗಿದೆ. ಹಿಂದೆ ನಿಂತಿದ್ದ ಜನ ಒಬ್ಬೊಬ್ಬರಾಗಿ ಕತ್ತು ಚಾಚಿದರು.

“ಹಂಗಾದ್ರೆ ನೀವೇ ಒಳಗ್ಬಂದು ಕೂತ್ಕೊಳ್ಳಿ ಮೇಡಂ, ನಾನು ಆಚೆ ನಿಂತ್ಕೋತೀನಿ,” ಎಂದರು ಅಂಗಡಿಯವರು. ಎಲ್ಲರೂ ನಕ್ಕರು. ನಾನು ವೈದ್ಯರಿಗೆ ಫೋನ್ ಮಾಡಿ ವಿಚಾರಿಸಿ, ಕೊನೆಗೆ ಬಿಸಿನೀರಿನ ಶಾಖದಲ್ಲೇ ಆ ವಾರವನ್ನು ಕಳೆದೆ.

ಕಾರಣ ಸಮೇತ ವಿವರಿಸುವುದು ನನ್ನ ಹಳೆಯ ಅಭ್ಯಾಸ. ತಂದೆ ಸಾರ್ವಜನಿಕ ವಲಯದ ಕಾರ್ಖಾನೆಯೊಂದರಲ್ಲಿದ್ದರು, ಅದರ ಕ್ವಾರ್ಟರ್ಸ್‌ನಲ್ಲೇ ನಾನು ಬೆಳೆದದ್ದು. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳೆಂದರೆ ನನಗೆ ಪ್ರಾಣ. ಒಂದು ವರ್ಷದ ವಿಷಯ ಸಹಭೋಜನದಿಂದ ಜಾತಿ ಅಳಿಯಬಲ್ಲುದೇ ಎಂಬುದಾಗಿತ್ತು. ನಾನು ಅಳಿಯುತ್ತದೆ ಎಂಬ ಪಕ್ಷದಲ್ಲಿ ನಿಂತು ಮಾತನಾಡಿದೆ. ಒಬ್ಬರ ಮನೆಯ ಅನ್ನವನ್ನು ನಿರಾಕರಿಸುವುದು ಆ ಮನೆಯವರನ್ನೇ ನಿರಾಕರಿಸಿದಂತೆ ಎಂದು ಹೇಳಿದಾಗ ಸಭೆ ಚಪ್ಪಾಳೆ ತಟ್ಟಿತ್ತು. ಅದನ್ನು ನಾನು ಸ್ಪರ್ಧೆಗಾಗಿ ಮಾತ್ರ ಹೇಳಿರಲಿಲ್ಲ. ಅನಂತರ ಪೀಣ್ಯದ ಯಂತ್ರಭಾಗಗಳ ಕಾರ್ಖಾನೆಯೊಂದರಲ್ಲಿ ಸುರಕ್ಷತಾ ತರಬೇತಿಯ ಕೆಲಸಕ್ಕೆ ಸೇರಿದಾಗ, ಆಫೀಸಿನವರ ಮೇಜನ್ನು ಬಿಟ್ಟು ಆಪರೇಟರುಗಳ ಜೊತೆ ಕುಳಿತು ಡಬ್ಬಿ ಬಿಚ್ಚಿದ್ದೂ ಅದೇ ನಂಬಿಕೆಯಿಂದ.

ಶಸ್ತ್ರಚಿಕಿತ್ಸೆಯ ನಂತರ ಆ ಮೇಜಿನಲ್ಲಿ ನನ್ನ ಸ್ಥಾನ ಮೆಲ್ಲಗೆ ಬದಲಾಯಿತು. ಯಾರಾದರೂ ಪಲ್ಯ ಮುಂದೆ ಚಾಚಿದರೆ ಅದರಲ್ಲಿ ಏನೇನು ಹಾಕಿದ್ದಾರೆಂದು ಕೇಳುತ್ತಿದ್ದೆ. ಒಂದು ದಿನ ಒಬ್ಬ ಹುಟ್ಟುಹಬ್ಬದ ಲಡ್ಡು ಹಂಚುತ್ತ ನನ್ನ ಬಳಿ ಬಂದಾಗ ಪಕ್ಕದವನು ಅವನ ಕೈ ಹಿಡಿದ. “ಗುರು, ಮೇಡಂ ಮುಂದೆ ಇಡ್ಬೇಡ. ಲಡ್ಡು ಜಾತಕ ಕೇಳ್ತಾರೆ.” ನಾನೂ ನಕ್ಕೆ. ಲಡ್ಡನ್ನೂ ತಿಂದೆ. ಆದರೆ ಆಮೇಲಾಮೇಲೆ ಡಬ್ಬಿಗಳು ನನ್ನನ್ನು ದಾಟಿಕೊಂಡು ಆಚೆಗೆ ಹೋಗತೊಡಗಿದವು. ಅದರಲ್ಲಿ ಯಾರ ದ್ವೇಷವೂ ಇರಲಿಲ್ಲ. ಪ್ರತಿಸಲ ಕೇಳಿ ಉತ್ತರ ಪಡೆಯುವ ಶ್ರಮ ಯಾರಿಗೂ ಬೇಕಿರಲಿಲ್ಲ, ಅಷ್ಟೆ.

ಹಾಗೆ ಉಳಿದಿದ್ದು ಕೆಳಗಿನ ಮನೆಯ ಡಬ್ಬಿಯೊಂದೇ.

ನಾನಿರುವ ಮನೆಯ ಯಜಮಾನಿ ಮೂಲತಃ ಇದೇ ಊರಿನ ಒಕ್ಕಲು ಮನೆತನದವರು. ಅವರ ಹೊಲಗಳೆಲ್ಲ ಶೆಡ್ಡುಗಳೂ ಬಾಡಿಗೆ ಮನೆಗಳೂ ಆಗಿ ಬಹಳ ಕಾಲವಾಯಿತು. ಮಾಕಳಿಯ ಕಡೆ ಅವರ ಅಣ್ಣನಿಗೆ ಮಾತ್ರ ಒಂದಿಷ್ಟು ಭೂಮಿ ಉಳಿದಿದೆ. ಅಲ್ಲಿಂದ ಬೆರಕೆ ಸೊಪ್ಪು ಬಂದ ದಿನ ಸಂಜೆ ಅವರ ಮನೆಯಲ್ಲಿ ಬಸ್ಸಾರು, ಮುದ್ದೆ. ಸೊಪ್ಪು, ಕಾಳು ಬೇಯಿಸಿ ಬಸಿದ ಕಟ್ಟಿನ ಸಾರು ಒಂದು ಬಟ್ಟಲಿನಲ್ಲಿ, ಒಗ್ಗರಣೆ ಹಾಕಿದ ಸೊಪ್ಪಿನ ಪಲ್ಯ ಇನ್ನೊಂದರಲ್ಲಿ ತುಂಬಿಕೊಂಡು ಸ್ಟೀಲಿನ ಡಬ್ಬಿ ಮೆಟ್ಟಿಲು ಹತ್ತಿ ಬರುತ್ತಿತ್ತು. ಡಬ್ಬಿಯನ್ನು ಬರಿದಾಗಿ ಹಿಂದಿರುಗಿಸಬಾರದೆಂಬುದು ರೂಢಿ. ನಾನು ತೊಳೆದು ಒರೆಸಿ, ಒಂದಿಷ್ಟು ಸಕ್ಕರೆಯನ್ನೋ ಎರಡು ಬಾಳೆಹಣ್ಣನ್ನೋ ಹಾಕಿ ಕೊಡುತ್ತಿದ್ದೆ. ಕೊಡುವಾಗ ಅವರ ಬಾಗಿಲಲ್ಲಿ ನಿಂತು ಆಡುತ್ತಿದ್ದ ನಾಲ್ಕು ಮಾತೇ ಎಷ್ಟೋ ವಾರಗಳಲ್ಲಿ ನಾನು ಕೆಲಸದ ಹೊರಗೆ ಆಡಿದ ಮಾತು.

ಮಳೆಗಾಲದಲ್ಲಿ ಸೊಪ್ಪು ಹೇರಳ, ಡಬ್ಬಿಯೂ ಪದೇ ಪದೇ ಬರುತ್ತಿತ್ತು. ಅಂಥ ಒಂದು ತಿಂಗಳ ಪರೀಕ್ಷೆಯಲ್ಲಿ ನನ್ನ ಅಂಕಿ ಇಳಿದಿತ್ತು, ಅಂದರೆ ರಕ್ತ ಇರಬೇಕಾದಷ್ಟು ತೆಳುವಾಗಿರಲಿಲ್ಲ. ವೈದ್ಯರು ಮಾತ್ರೆಯನ್ನು ಸ್ವಲ್ಪ ಏರಿಸಿ, “ಸೊಪ್ಪು ನೋಡ್ಕೊಂಡು ತಿನ್ನಿ,” ಎಂದರು. ಆದರೆ ನಡುದಾರಿಗಳಲ್ಲಿ ನನಗೆ ಎಂದೂ ನಂಬಿಕೆಯಿರಲಿಲ್ಲ. ತತ್ವವೆಂದರೆ ಅದಕ್ಕೆ ವಿನಾಯಿತಿ ಇರಬಾರದೆಂದು ವೇದಿಕೆಗಳ ಮೇಲೆ ವಾದಿಸಿದವಳು ನಾನು. ಮನೆಗೆ ಬರುವಷ್ಟರಲ್ಲಿ ಸೊಪ್ಪನ್ನು ಪೂರ್ತಿಯಾಗಿ ತ್ಯಜಿಸುವ ತೀರ್ಮಾನ ಮಾಡಿದ್ದೆ.

ಮರುದಿನ ಸಂಜೆಯೇ ಡಬ್ಬಿ ಬಂತು. ತೆರೆಯದೆ ಅದನ್ನು ಹಿಡಿದು ಕೆಳಗಿಳಿದೆ. ಬಾಗಿಲಲ್ಲಿ ನಿಂತು, ಮೊದಲನೆಯದಾಗಿ ನನ್ನ ಕವಾಟದ ಸ್ವರೂಪ, ಎರಡನೆಯದಾಗಿ ಮಾತ್ರೆಯ ಕೆಲಸ, ಮೂರನೆಯದಾಗಿ ಸೊಪ್ಪಿನಲ್ಲಿರುವ ಜೀವಸತ್ವ ಆ ಕೆಲಸವನ್ನು ಕೆಡಿಸುವ ಬಗೆ ಎಂದು ಕ್ರಮವಾಗಿ ತಿಳಿಸಿದೆ. ಅಷ್ಟು ಸ್ಪಷ್ಟವಾಗಿ ನಾನು ಯಾವ ಸ್ಪರ್ಧೆಯಲ್ಲೂ ಮಾತನಾಡಿರಲಾರೆ. ಯಜಮಾನಿ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಕೇಳಿದರು. ಅವರ ಕಣ್ಣು ಮಾತ್ರ ತುಂಬಿದ ಡಬ್ಬಿಯ ಮೇಲಿತ್ತು.

“ಸರಿ ಬುಡಿ ಮೇಡಮ್ಮೋರೆ. ಓದ್ದೋರು ನೀವು.”

ಅಲ್ಲಿಯವರೆಗೆ ಅವರು ನನ್ನನ್ನು ‘ಏನವ್ವಾ’ ಎಂದು ಮಾತನಾಡಿಸುತ್ತಿದ್ದರು.

ಅದಾದ ಮೇಲೆ ಡಬ್ಬಿ ಬರಲಿಲ್ಲ. ಮೆಟ್ಟಿಲಲ್ಲಿ ಎದುರಾದರೆ ಗೋಡೆಗೆ ಸರಿದು ದಾರಿ ಬಿಡುತ್ತಿದ್ದರು. ನೀರಿನ ಮೋಟರು ಹಾಕುವ ಹೊತ್ತನ್ನು ತಿಳಿಸುವಾಗಲೂ ಅವರ ದನಿಯಲ್ಲಿ ಮರ್ಯಾದೆಯಿರುತ್ತಿತ್ತು. ಆ ಮರ್ಯಾದೆಯನ್ನು ನಾನು ಸಹಿಸಲಾರದೆ ಹೋದೆ. ಸಂಜೆ ಕೆಳಗಿನಿಂದ ಒಗ್ಗರಣೆಯ ಬೆಳ್ಳುಳ್ಳಿ ವಾಸನೆ ಏರಿ ಬರುತ್ತಿತ್ತು. ನಾನು ಅನ್ನ, ಬೇಳೆ ಸಾರು ಬಡಿಸಿಕೊಂಡು, ಒಂದು ಪುಸ್ತಕವನ್ನು ಲೋಟಕ್ಕೆ ಒರಗಿಸಿಟ್ಟು, ಓದದೆ ಉಣ್ಣುತ್ತಿದ್ದೆ. ಸರಿಯಾದದ್ದನ್ನೇ ಮಾಡಿದ್ದೇನೆಂದು ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಆ ಸಮಾಧಾನಕ್ಕೆ ತಲೆದೂಗಲು ಎದುರಿಗೆ ಯಾರೂ ಇರುತ್ತಿರಲಿಲ್ಲ.

ಮುಂದಿನ ಪರೀಕ್ಷೆಗೆ ಇನ್ನೂ ಕೆಲವು ದಿನಗಳಿದ್ದ ಒಂದು ಭಾನುವಾರ ಬೆಳಿಗ್ಗೆ ತಾರಸಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದೆ. ಬಿಳಿಯ ದುಪಟ್ಟಾದ ಮೇಲೆ ಕೆಂಪು ಹನಿಗಳು ಬಿದ್ದವು. ಮೂಗಿನಿಂದ ರಕ್ತ ಸುರಿಯುತ್ತಿತ್ತು. ಎಷ್ಟು ಒತ್ತಿಹಿಡಿದರೂ ನಿಲ್ಲಲಿಲ್ಲ. ರಾಗಿ ಹರವಲು ಮೇಲೆ ಬಂದಿದ್ದ ಯಜಮಾನಿ ಮೊರವನ್ನು ಅಲ್ಲೇ ಇಟ್ಟರು.

“ಬಾಯಿ ಬುಟ್ಟು ಉಸಿರಾಡು. ಆ ಮಾತ್ರೆ, ಚೀಟಿ ಎಲ್ಲವೆ?”

“ಕನ್ನಡಿ ಪಕ್ಕ,” ಎಂದೆ.

ಅವರು ಮಾತ್ರೆಗಳನ್ನೆಲ್ಲ ಒಂದು ಪ್ಲಾಸ್ಟಿಕ್ ಕವರಿಗೆ ತುಂಬಿಕೊಂಡು, ಬೀದಿಗಿಳಿದು ಆಟೋ ನಿಲ್ಲಿಸಿ, ನನ್ನ ಪಕ್ಕದಲ್ಲಿ ಕುಳಿತರು.

ಆಸ್ಪತ್ರೆಯಲ್ಲಿ ರಕ್ತ ನಿಲ್ಲಿಸಿ ಪರೀಕ್ಷೆ ಮಾಡಿದರು. ಈ ಬಾರಿ ಅಂಕಿ ಏರಿಹೋಗಿತ್ತು. ನನ್ನ ವೈದ್ಯರು ಕವರನ್ನು ಮೇಜಿನ ಮೇಲೆ ಸುರಿದು ಒಂದೊಂದಾಗಿ ನೋಡಿದರು.

“ಹೊಸದೇನೂ ಇಲ್ವಲ್ಲ. ಕಷಾಯ? ನೋವಿನ ಮಾತ್ರೆ?”

“ಏನೂ ಇಲ್ಲ ಡಾಕ್ಟ್ರೇ. ಸೊಪ್ಪನ್ನೂ ಪೂರ್ತಿ ಬಿಟ್ಟಿದೀನಿ,” ಎಂದೆ. ಹೊಗಳುತ್ತಾರೆಂದು ಎದುರುನೋಡಿದ್ದೆ.

“ಬಿಡಿ ಅಂತ ಯಾರಂದ್ರು? ನೋಡ್ಕೊಂಡು ತಿನ್ನಿ ಅಂದಿದ್ದೆ. ಸೊಪ್ಪು ತಿಂತಿದ್ದ ಲೆಕ್ಕಕ್ಕೆ ಮಾತ್ರೆ ಏರಿಸಿದ್ದು ನಾನು. ಸೊಪ್ಪು ತೆಗೆದ್ಬಿಟ್ರೆ ಮಾತ್ರೆಗೆ ಲಗಾಮೇ ಇಲ್ಲ. ದಿನಾ ಒಂದೇ ಅಳತೆ ತಿನ್ನಿ, ಅದಕ್ಕೆ ನಾನು ಮಾತ್ರೆ ಹೊಂದಿಸ್ತೀನಿ. ಒಂದಿನ ಹಬ್ಬ, ಒಂದಿನ ಉಪವಾಸ ಅಂದ್ರೆ ನನ್ನ ಕೈಲೂ ಆಗಲ್ಲ.”

ಗೋಡೆಯ ಪಕ್ಕ ನಿಂತಿದ್ದ ಯಜಮಾನಿ ಮುಂದೆ ಬಂದರು. “ಅಂಗಾರೆ ನಮ್ಮನೆ ಬಸ್ಸಾರು ತಿನ್ಬೋದಿತ್ತಾ ಸಾರ್?”

“ತಿನ್ಬೋದಮ್ಮ. ಒಂದು ಹಿಡಿ ಸೊಪ್ಪು, ದಿನಾ ಅಷ್ಟೇ. ಬಸ್ಸಾರು ಜಾಸ್ತಿಯಾದ್ರೆ ನನಗೂ ಕಳ್ಸಿ.”

ಮಾತ್ರೆಯನ್ನು ಹೇಗೆ ತಗ್ಗಿಸಬೇಕು, ಮತ್ತೆ ಯಾವಾಗ ಬರಬೇಕು ಎಂದು ಹೇಳಿ ಕಳುಹಿಸಿದರು. ಹಿಂದಿರುಗುವಾಗ ಆಟೋ ಸಿಗ್ನಲ್ಲಿನಲ್ಲಿ ನಿಂತಿತ್ತು. ಯಜಮಾನಿ ರಸ್ತೆಯ ಕಡೆಗೆ ಮುಖ ಮಾಡಿಕೊಂಡೇ ಮಾತನಾಡಿದರು.

“ನಾನು ಬ್ಯಾರೆ ತರಾನೇ ಅಂದ್ಕಂಡಿದ್ದೆ ಕಣವ್ವ. ನೀವು ಮಡಿ ಜನ, ನಮ್ಮನೇದು ಸೇರಾಕಿಲ್ಲ, ಬಾಯಿಬುಟ್ಟು ಅನ್ನಾಕೆ ನಾಚ್ಕೆ, ಅದ್ಕೇ ಮಾತ್ರೆ ನೆಪ ಯೋಳ್ತಾವ್ರೆ, ಇಷ್ಟು ದಿನ ಕೊಟ್ಟಿದ್ದೂ ಚೆಲ್ತಿದ್ರೇನೋ ಅಂತ. ನಮ್ಮತ್ತೆ ಕಾಲ್ದಾಗೆ ಮಡಿಯೋರು ಅಂಗೇ ಯೋಳೋರು. ಹಾಲು ಮೊಸ್ರು ಈಸ್ಕಳೋರು. ಊಟಕ್ಕೆ ಕರುದ್ರೆ ‘ಇವತ್ತು ಉಪವಾಸ’ ಅನ್ನೋರು.”

ಒಬ್ಬರ ಮನೆಯ ಅನ್ನವನ್ನು ನಿರಾಕರಿಸಿದರೆ ಏನಾಗುತ್ತದೆಂದು ಸಭೆಗೆ ತಿಳಿಸಿದ್ದವಳು ನಾನು. ಆ ವಾದ ಈಗಲೂ ಸರಿಯೆಂದೇ ನನ್ನ ಅಭಿಪ್ರಾಯ. ಆದರೆ ನಿರಾಕರಣೆಗೆ ಈ ನೆಲದಲ್ಲಿ ಇಷ್ಟು ಹಳೆಯ ಚರಿತ್ರೆಯಿರುವಾಗ ಹೊಸ ಕಾರಣವೊಂದನ್ನು ಯಾರಾದರೂ ಯಾಕೆ ನಂಬಬೇಕು? ನನ್ನ ಮೂರು ಅಂಶಗಳನ್ನು ಅವರು ಕೇಳಿಸಿಕೊಂಡಿದ್ದರು. ಆದರೆ ಅವರ ಮನಸ್ಸಿಗೆ ನಾಟಿದ್ದು ತುಂಬಿದಂತೆಯೇ ಮರಳಿ ಬಂದ ಡಬ್ಬಿ ಮಾತ್ರ.

ಈಗ ಕಾರ್ಖಾನೆಯ ತರಬೇತಿಯ ಕೊನೆಯಲ್ಲಿ ಹತ್ತು ನಿಮಿಷವನ್ನು ಮಾತ್ರೆಗಳ ವಿಷಯಕ್ಕಾಗಿ ಮೀಸಲಿಟ್ಟಿದ್ದೇನೆ. ಬಿಪಿಗೆ ಒಂದು ಕಡೆ, ಸಕ್ಕರೆ ಕಾಯಿಲೆಗೆ ಇನ್ನೊಂದು ಕಡೆ, ನೋವಿಗೆ ಬೀದಿಯ ಅಂಗಡಿಯಲ್ಲಿ ಮಾತ್ರೆ ತೆಗೆದುಕೊಳ್ಳುವವರು ನಮ್ಮಲ್ಲಿ ಬಹಳ ಜನ. ಎಲ್ಲವನ್ನೂ ಒಂದೇ ಕವರಿನಲ್ಲಿ ಹಾಕಿಕೊಂಡು ಹೋಗಿ ವೈದ್ಯರಿಗೆ ತೋರಿಸಿ, ಏನು ಉಣ್ಣುತ್ತೀರೆಂಬುದನ್ನೂ ಹೇಳಿ ಎನ್ನುತ್ತೇನೆ.

“ಮುದ್ದೆ ಎಷ್ಟು ಅಂತಾನೂ ಹೇಳ್ಬೇಕಾ ಮೇಡಂ?” ಎಂದು ಹಿಂದಿನ ಸಾಲಿನಿಂದ ಒಬ್ಬ ಕೇಳುತ್ತಾನೆ.

“ಹೇಳಬೇಕು,” ಎನ್ನುತ್ತೇನೆ. ಅವರು ನಗುತ್ತಾರೆ. ಕವರು ತೆಗೆದುಕೊಂಡು ಹೋದವರು ಇದ್ದಾರೋ ಇಲ್ಲವೋ ನನಗೆ ಗೊತ್ತಿಲ್ಲ.

ಕೆಳಗಿನ ಮನೆಯವರೊಂದಿಗೆ ಒಂದು ಒಪ್ಪಂದವಾಗಿದೆ. ದಿನಾ ಒಂದು ಹಿಡಿ ಸೊಪ್ಪನ್ನು ನಾನೇ ಬೇಯಿಸಿಕೊಳ್ಳಬೇಕು. ಅವರ ಮನೆಯಲ್ಲಿ ಬಸ್ಸಾರಾದ ದಿನ ಅವರು ಮೆಟ್ಟಿಲ ಬುಡದಿಂದ, “ಇವತ್ತು ಬೇಯಿಸ್ಬ್ಯಾಡ ಕಣವ್ವ,” ಎಂದು ಕೂಗುತ್ತಾರೆ. ಎರಡನ್ನೂ ಉಣ್ಣುವಂತಿಲ್ಲ.

ಕಾರ್ಖಾನೆಯಿಂದ ಬರುವಾಗ ಗಾಡಿಯವನ ಬಳಿ ಒಂದು ಕಟ್ಟು ಸೊಪ್ಪು ಕೊಳ್ಳುತ್ತೇನೆ. ಮೇಲಿನ ಮೆಟ್ಟಿಲಲ್ಲಿ ಕುಳಿತು ಎಲೆ ಬಿಡಿಸುತ್ತೇನೆ. ಕೆಲಸ ಅರ್ಧದಷ್ಟು ಕೈಯದು, ಅರ್ಧದಷ್ಟು ಕಿವಿಯದು. ಹೆಚ್ಚಿನ ದಿನಗಳಲ್ಲಿ ಕರೆ ಬರುವುದಿಲ್ಲ. ಅವರ ಮನೆಯಲ್ಲಿ ಅಂದು ಕೋಳಿ ಸಾರಿರುತ್ತದೆ, ನೆಂಟರಿರುತ್ತಾರೆ, ಇಲ್ಲವೇ ಎಲ್ಲರೂ ಮಾಕಳಿಗೆ ಹೋಗಿರುತ್ತಾರೆ. ಅವರಿಗೆ ತುಂಬಿದ ಮನೆಯಿದೆ. ನನ್ನ ಒಂದು ಹಿಡಿ ಅವರ ನೆನಪಿನಲ್ಲಿ ದಿನವೂ ಇರಬೇಕೆಂದು ಬಯಸುವುದು ನ್ಯಾಯವಲ್ಲ.

ಕಳೆದ ವಾರ ಬೇಗ ಹಸಿವಾಯಿತೆಂದು ಕಾಯದೆ ಬೇಯಿಸಿ ಉಂಡುಬಿಟ್ಟೆ. ತಟ್ಟೆ ತೊಳೆಯುತ್ತಿದ್ದಾಗ ಕೆಳಗಿನಿಂದ ಕರೆ ಬಂತು. ನಲ್ಲಿ ನಿಲ್ಲಿಸಿ ಹೊರಗೆ ಬಂದೆ.

“ಊಟ ಆಗೋಯ್ತಮ್ಮ,” ಎಂದೆ.

“ಓಗ್ಲಿ ಬುಡು. ನಾಳೆ ಕೊಡ್ತೀನಿ,” ಎಂದು ಅವರು ಒಳಗೆ ಹೋದರು.

ಮರುದಿನ ಕರೆ ಬರಲಿಲ್ಲ. ಅಂದಿನಿಂದ ಎಲೆಗಳನ್ನು ತೊಳೆದು ಜರಡಿಯಲ್ಲಿ ಹಾಕಿದ ಮೇಲೂ, ನೀರು ಪೂರ್ತಿ ಬಸಿದುಹೋಗುವ ತನಕ, ಒಲೆ ಹಚ್ಚದೆ ಕುಳಿತಿರುತ್ತೇನೆ.